ನೋಡೋಣ ಬಿಡಿ ಸಾರ್

ಬೆಂಗಳೂರಿನ ಓನರುಗಳಲ್ಲಿ ಹಲವು ಜಾತಿ. ರಾತ್ರಿ ಹತ್ತಕ್ಕೆ ಸರಿಯಾಗಿ ಗೇಟಿಗೆ ಬೀಗ ಜಡಿಯುವವರು, ನಮ್ಮ ಮನೆಗೆ ಬರುವ ನೆಂಟರನ್ನು ಬಾಲ್ಕನಿಯಲ್ಲಿ ನಿಂತು ಎಣಿಸುವವರು, ಗೋಡೆಗೆ ಮೊಳೆ ಹೊಡೆದರೆ ತಮ್ಮ ಎದೆಗೇ ಹೊಡೆದಂತೆ ಓಡಿಬರುವವರು. ಎಲ್ಲರ ಬಗ್ಗೆಯೂ ಬರೆಯಬಹುದಿತ್ತು. ಆದರೆ ನನ್ನ ಅಡುಗೆಮನೆ ಸೋರುತ್ತಿದೆ. ಸದ್ಯಕ್ಕೆ ಅಷ್ಟು ವಿಶಾಲವಾದ ಮನಸ್ಸು ನನಗಿಲ್ಲ. ಹಾಗಾಗಿ ‘ನೋಡೋಣ’ ಜಾತಿಯವರ ಬಗ್ಗೆ ಮಾತ್ರ ಬರೆಯುತ್ತೇನೆ.

ಇವರು ‘ಆಗೋದಿಲ್ಲ’ ಎನ್ನುವುದಿಲ್ಲ. ಎಂದಿದ್ದರೆ ಜಗಳವಾಡಬಹುದಿತ್ತು. ‘ಮಾಡಿಸ್ತೀನಿ’ ಎಂದೂ ಎನ್ನುವುದಿಲ್ಲ. ಎಂದಿದ್ದರೆ ಮಾತು ತಪ್ಪಿದಿರಿ ಅನ್ನಬಹುದಿತ್ತು. ‘ನೋಡೋಣ ಬಿಡಿ ಸಾರ್’ ಎನ್ನುತ್ತಾರೆ. ವ್ಯಾಕರಣದ ದೃಷ್ಟಿಯಿಂದ ಇದೊಂದು ಅದ್ಭುತ ವಾಕ್ಯ. ನೋಡುವ ಕೆಲಸದಲ್ಲಿ ಅವರೂ ಇದ್ದಾರೆ, ನಾನೂ ಇದ್ದೇನೆ. ಬಿಡುವ ಕೆಲಸ ಮಾತ್ರ ನನ್ನೊಬ್ಬನದು. ಎರಡು ವರ್ಷದಿಂದ ನೋಡುತ್ತಲೂ ಇದ್ದೇನೆ, ಬಿಡುತ್ತಲೂ ಇದ್ದೇನೆ.

ಮನೆ ಇರುವುದು ತಿಲಕ್ ನಗರದಲ್ಲಿ, ಸ್ವಾಗತ್ ರಸ್ತೆಯಿಂದ ಒಳಕ್ಕೆ. 20–30ರ ಸೈಟಿನ ಮೇಲೆ ಬೆಂಕಿಪೊಟ್ಟಣ ಪೇರಿಸಿದಂತೆ ನಾಲ್ಕು ಅಂತಸ್ತು. ಕೆಳಗೆ ಟೈಲರ್ ಅಂಗಡಿ, ಅದರ ಮೇಲೆ ನಾವು, ನಮ್ಮ ಮೇಲೆ ಲೀಸಿನವರು, ತುತ್ತತುದಿಯಲ್ಲಿ ಓನರ್ ಮತ್ತು ನೀರಿನ ಟ್ಯಾಂಕು. ಮನೆ ತೋರಿಸಿದ ದಿನ ಓನರ್ ಕಿಟಕಿ ತೆರೆದು, “ಇದು ಜಯನಗರಾನೇ ಸಾರ್, ಫೋರ್ತ್ ಟಿ ಬ್ಲಾಕ್ ಇಲ್ಲೇ ಪಕ್ಕದಲ್ಲಿ” ಎಂದಿದ್ದರು. ಜಯನಗರದ ಲೆಕ್ಕದಲ್ಲೇ 10 ತಿಂಗಳ ಅಡ್ವಾನ್ಸು ಕೊಟ್ಟೆ. ಮೊದಲ ಹನಿ ಬಿದ್ದ ದಿನ ದೂರು ಹೇಳಲು ಹೋದರೆ, “ತಿಲಕ್ ನಗರದಲ್ಲಿ ಈ ಬಾಡಿಗೆಗೆ ಇನ್ನೆಂಥ ಮನೆ ಸಿಗುತ್ತೆ ಸಾರ್?” ಎಂದರು. ಮನೆ ಒಂದಿಂಚೂ ಕದಲಿರಲಿಲ್ಲ.

ಸೋರಿಕೆ ಶುರುವಾದದ್ದು ಸೀಲಿಂಗಿನಲ್ಲಿ ಮಜ್ಜಿಗೆಹುಳಿ ಬಣ್ಣದ ಒಂದು ಕಲೆಯಾಗಿ. ವಾರದಲ್ಲಿ ಅದು ತಟ್ಟೆಯಗಲ ಆಯಿತು, ಆಮೇಲೆ ತೊಟ್ಟಿಕ್ಕತೊಡಗಿತು. ಗುರಿ ಎಷ್ಟು ನಿಖರವೆಂದರೆ ಪ್ರತಿ ಹನಿಯೂ ಎಡಗಡೆಯ ಬರ್ನರಿನ ಮೇಲೇ. ಒಲೆಯನ್ನು ಬಲಕ್ಕೆ ಸರಿಸಿದೆವು. ನಾಲ್ಕು ದಿನದಲ್ಲಿ ಹನಿಯೂ ಬಲಕ್ಕೆ ಬಂತು. ಕಟ್ಟೆಯ ಮೇಲೆ ಬಕೆಟ್ ಇಟ್ಟು, ಪಕ್ಕದಲ್ಲಿ ಉಳಿದ ಜಾಗದಲ್ಲಿ ಸಂಸಾರ ನಡೆಸತೊಡಗಿದೆವು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪು ಮಾಡಿ ಜಲಮಂಡಳಿ ಕಾವೇರಿಯನ್ನು ಈ ಊರಿಗೆ ತರುತ್ತದೆ. ಅಷ್ಟು ಕಷ್ಟಪಟ್ಟು ಹತ್ತಿಬಂದ ತಾಯಿ ಕೊನೆಗೆ ನಮ್ಮ ಒಗ್ಗರಣೆಗೆ ಬಿದ್ದು ಚಟಪಟ ಅನ್ನುತ್ತಿದ್ದಳು. ಬಂದದ್ದು ಕಾವೇರಿಯೇ ಹೊರತು ಮೇಲಿನವರ ಸ್ನಾನದ ನೀರಲ್ಲ ಎಂದು ನಂಬಿದ್ದೆ. ನಂಬಿಕೆ ಬೇಕು.

2024ರ ಬೇಸಿಗೆ ನಿಮಗೆ ನೆನಪಿರಬೇಕು. ಬೋರುಗಳೆಲ್ಲ ಒಣಗಿ, ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಮರುದಿನವೇ ನಮ್ಮ ಮೆಟ್ಟಿಲ ಗೋಡೆಯ ಮೇಲೆ ಓನರ್ ಕೈಬರಹದ ಚೀಟಿ: ‘ನೀರು ಅಮೂಲ್ಯ. ಹನಿ ಹನಿಯನ್ನೂ ಉಳಿಸಿ.’ ನಾವು ಆಗಲೇ ದಿನಕ್ಕೆ ಒಂದು ಬಕೆಟ್ಟಿನಂತೆ ಉಳಿಸುತ್ತಿದ್ದೆವು. ಅದನ್ನು ಹೇಳಿದ್ದಕ್ಕೆ, “ಗಿಡಕ್ಕೆ ಹಾಕ್ಬಹುದಲ್ವಾ ಸಾರ್” ಎಂದರು.

ಫೋನಿಗೆ ಸಿಗುವುದಿಲ್ಲ. ವಾಟ್ಸ್ಯಾಪಿನಲ್ಲಿ ಬೆಳಿಗ್ಗೆ ಆರಕ್ಕೇ ಗುಲಾಬಿ ಹೂವಿನ ಸುಪ್ರಭಾತ ತಪ್ಪದೆ ಬರುತ್ತದೆ. ನಾನು ಕಳಿಸಿದ ಸೋರಿಕೆಯ ವಿಡಿಯೋಗೆ ಉತ್ತರವಾಗಿ ಕೈಮುಗಿದ ಚಿತ್ರ ಬರುತ್ತದೆ. ಐದನೇ ತಾರೀಖು ಮಾತ್ರ ಕರೆಗಂಟೆ ಬಾರಿಸಿ ತಾವೇ ಇಳಿದುಬರುತ್ತಾರೆ. ಒಮ್ಮೆ ಹಾಗೆ ಬಂದಾಗ ಚುಚ್ಚೋಣವೆಂದು, “ಶಿಶುನಾಳ ಶರೀಫರು ಸೋರುವ ಮಾಳಿಗೆಯ ಮೇಲೇ ತತ್ವಪದ ಕಟ್ಟಿದ್ದಾರೆ, ಕೇಳಿದ್ದೀರಾ?” ಎಂದೆ. ಅವರ ಮುಖ ಅರಳಿತು. ಒಳಗೆ ಬಂದು ಕುರ್ಚಿ ಎಳೆದುಕೊಂಡು, “ಅದು ಮನೆಯಲ್ಲ ಸಾರ್, ದೇಹ” ಎಂದು ಶುರುಮಾಡಿದವರು ಇಪ್ಪತ್ತು ನಿಮಿಷ ವ್ಯಾಖ್ಯಾನ ಮಾಡಿದರು. ಹಿನ್ನೆಲೆಯಲ್ಲಿ ಬಕೆಟ್ ತಾಳ ಹಾಕುತ್ತಿತ್ತು. ಚೆನ್ನಾಗಿಯೇ ಹೇಳಿದರು. ಹೆಂಡತಿ ಕಾಫಿಯನ್ನೂ ಕೊಟ್ಟಳು. ಅವರು ಹೋದ ಮೇಲೆ, “ಏನ್ರೀ, ಬಾಡಿಗೇನೂ ಕೊಟ್ಟು, ಶಿಷ್ಯರೂ ಆದ್ರಾ?” ಎಂದಳು.

ಹನ್ನೊಂದನೇ ದೂರಿಗೆ ಪ್ಲಂಬರ್ ಬಂದ. ಮೇಲಿನ ಮನೆಯ ಬಚ್ಚಲು ನೋಡಿ, ಕೆಳಗೆ ಬಂದು ಸೀಲಿಂಗ್ ತಟ್ಟಿ, ಡಾಕ್ಟರರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದ. “ಬಚ್ಚಲ ಟ್ರ್ಯಾಪಿನ ಜಾಯಿಂಟ್ ಬಿಟ್ಟಿದೆ. ನೀರು ಟೈಲ್ಸ್ ಕೆಳಗಿನ ಮಣ್ಣಲ್ಲಿ ನಿಂತು, ಸ್ಲ್ಯಾಬಲ್ಲಿ ಎಲ್ಲಿ ದಾರಿ ಸಿಗುತ್ತೋ ಅಲ್ಲಿ ಇಳೀತಿದೆ. ಟೈಲ್ಸ್ ಒಡೀಬೇಕು, ನಾಲ್ಕು ದಿನದ ಕೆಲಸ.” ಒಡೆಯುವುದು ಎಂಬ ಮಾತು ಕೇಳಿದ್ದೇ ಓನರ್ ಕೆಮ್ಮಿದರು. “ಸದ್ಯಕ್ಕೆ ಕೆಳಗಿಂದ ವೈಟ್ ಸಿಮೆಂಟ್ ಹಚ್ಚಿಬಿಡಿ.” ಪ್ಲಂಬರ್ ನನ್ನ ಮುಖ ನೋಡಿದ. ಜಾಯಿಂಟ್ ಬಿಟ್ಟದ್ದು ಮೇಲೆ, ಸಿಮೆಂಟ್ ಹಚ್ಚಿದ್ದು ಕೆಳಗೆ. ಮೂರು ದಿನ ನಿಂತಿತ್ತು. ನಾಲ್ಕನೇ ದಿನ ವೈಟ್ ಸಿಮೆಂಟೂ ನೀರೂ ಒಟ್ಟಿಗೇ ಸಾರಿಗೆ ಬಿದ್ದವು.

ಆ ಸಾರು ಚೆಲ್ಲಿದ ರಾತ್ರಿ ನಾನು ಕಾನೂನು ಓದಿದೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಎಂಬುದು ಸಿಕ್ಕಿ ಕುಣಿದಾಡುವಷ್ಟರಲ್ಲಿ, ಬೆಂಗಳೂರಿನಲ್ಲಿ ತಿಂಗಳಿಗೆ 3500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸುವುದಿಲ್ಲ ಎಂಬ ಸಾಲೂ ಸಿಕ್ಕಿತು. ಆ ದುಡ್ಡಿಗೆ ಈಗ ಸ್ಕೂಟರ್ ನಿಲ್ಲಿಸಲು ಜಾಗ ಕೊಟ್ಟರೆ ಹೆಚ್ಚು. ಮುಂದೆ 1882ರ ಆಸ್ತಿ ವರ್ಗಾವಣೆ ಕಾಯ್ದೆ, 108ನೇ ಕಲಂ: ಮಾಲೀಕ ತಾನು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕರಾರಿನಲ್ಲಿ ಬೇರೆ ಥರ ಬರೆದಿರಬಾರದು, ಅಷ್ಟೆ. ನಮ್ಮ 11 ತಿಂಗಳ ಅಗ್ರಿಮೆಂಟು ತೆಗೆದು ನೋಡಿದೆ. ‘ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು’ ಎಂದಿತ್ತು. ನಮ್ಮ ಸೋರಿಕೆ ಸಣ್ಣದೂ ಅಲ್ಲ, ಪುಟ್ಟದೂ ಅಲ್ಲ. ಕಲಮನ್ನು ಕಾಗದದಲ್ಲಿ ಬರೆದುಕೊಂಡು, ಕನ್ನಡಿಯ ಮುಂದೆ ಎರಡು ಸಲ ಗದರಿ ಅಭ್ಯಾಸ ಮಾಡಿ, ಮೆಟ್ಟಿಲು ಹತ್ತಿದೆ.

ಎರಡು ವರ್ಷದಲ್ಲಿ ಅವರ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹಾಲ್ ನಡುವೆ ಒಂದು ಬಕೆಟ್. ದಿವಾನದ ಪಕ್ಕ ಒಂದು ಪಾತ್ರೆ. ಟ್ಯಾಂಕಿನ ಕೆಳಗಿನ ಮೂಲೆಯಲ್ಲಿ ಸುಣ್ಣ ಹಪ್ಪಳದಂತೆ ಎದ್ದಿತ್ತು. ಅವರು ಬಕೆಟ್ ದಾಟಿಕೊಂಡೇ ಬಂದು, “ಕೂತ್ಕೊಳ್ಳಿ ಸಾರ್, ಆ ಕುರ್ಚಿ ಬೇಡ, ಅಲ್ಲಿ ಬೀಳುತ್ತೆ” ಎಂದರು.

ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರಂತೆ. ಕಾರ್ಖಾನೆ ಮುಚ್ಚುವುದಕ್ಕೆ ಎಷ್ಟೋ ಮುಂಚೆ ವಿಆರ್‌ಎಸ್ ತೆಗೆದುಕೊಂಡು, ಆ ದುಡ್ಡಿನಲ್ಲಿ ನಾವಿರುವ ಅಂತಸ್ತು ಕಟ್ಟಿದರು. ಅದರ ಮೇಲಿನದು ಬ್ಯಾಂಕ್ ಸಾಲದ್ದು. ಅದನ್ನು ಭೋಗ್ಯಕ್ಕೆ ಕೊಟ್ಟು, ಬಂದ ಹಣದಲ್ಲಿ ತಾವಿರುವ ಮನೆ. ಹೀಗೆ ಒಂದೊಂದು ಅಂತಸ್ತೂ ಕೆಳಗಿನದರ ಹೆಗಲ ಮೇಲೆ ನಿಂತಿದೆ. “ಲೀಸಿನವರ ಬಚ್ಚಲು ಒಡೆದ್ರೆ, ಬೇರೆ ಮನೆ ನೋಡ್ಕೋತೀವಿ, ದುಡ್ಡು ವಾಪಸ್ ಕೊಡಿ ಅಂತಾರೆ ಸಾರ್. ದುಡ್ಡು ಇಲ್ಲೇ ಇದೆ” ಎಂದು ಗೋಡೆ ತೋರಿಸಿದರು. ಗೋಡೆ ಒದ್ದೆಯಾಗಿತ್ತು.

ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಗಡಿಯಾರದೊಳಗೆ ಕೂರಿಸುತ್ತಿದ್ದ ಕೈ ಅದು. ಮಾತಿನ ನಡುವೆ ಮಣಿಕಟ್ಟಿನ ಹಳೆಯ ಎಚ್‌ಎಂಟಿಗೆ ಕೀ ಕೊಟ್ಟು, ಕಿವಿಗಿಟ್ಟುಕೊಂಡು, ನನ್ನ ಕಿವಿಗೂ ಹಿಡಿದರು. ಒಂದು ಕಿವಿಯಲ್ಲಿ ಟಿಕ್ ಟಿಕ್, ಇನ್ನೊಂದರಲ್ಲಿ ಬಕೆಟ್ಟಿನ ಟಪ್ ಟಪ್. ಮಗ ಪುಣೆಯಲ್ಲಿದ್ದಾನೆ, ಈ ಮನೆ ಮಾರಿಬಿಡಿ ಅನ್ನುತ್ತಾನಂತೆ. ಅವನಿಗೆ ಏನು ಹೇಳಿದಿರಿ ಎಂದು ಕೇಳಿದೆ.

“ನೋಡೋಣ ಬಿಡು ಅಂದೆ.”

108ನೇ ಕಲಂ ಜೇಬಿನಲ್ಲೇ ಉಳಿಯಿತು. ಕೆಳಗೆ ಬಂದೆ. ಏನಾಯ್ತು ಎಂದು ಹೆಂಡತಿ ಕೇಳಿದಳು. ನನ್ನ ಬಾಯಲ್ಲಿ ಬಂದ ಉತ್ತರ ಇಲ್ಲಿ ಬರೆಯುವುದಿಲ್ಲ, ನೀವು ಊಹಿಸಿಯೇ ಇರುತ್ತೀರಿ. ಅವಳು ಸೌಟು ಕೆಳಗಿಟ್ಟಳು.

ಕಳೆದ ತಿಂಗಳು ಅಗ್ರಿಮೆಂಟು ಮತ್ತೆ ಮಾಡಿಸಿದೆವು. 11 ತಿಂಗಳು, ಬಾಡಿಗೆ ಶೇ 5 ಜಾಸ್ತಿ. ಸಹಿ ಹಾಕುವಾಗ ಓನರ್ ತಾವಾಗಿಯೇ, “ಈ ಸಲ ಒಂದು ದಾರಿ ಮಾಡ್ಬೇಕು ಸಾರ್, ನಿಮಗ್ಯಾರಾದ್ರೂ ಗೊತ್ತಾ?” ಎಂದರು. ಗೊತ್ತಿಲ್ಲ. ಟೈಲ್ಸ್ ಒಡೆಯದೆ ಟ್ರ್ಯಾಪ್ ಸರಿಮಾಡುವ ಪ್ಲಂಬರ್ ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ತಿಲಕ್ ನಗರದಲ್ಲಿ ಒಂದೇ ಕಟ್ಟಡದಲ್ಲಿ ಎರಡು ಮನೆಯ ಕೆಲಸವಿದೆ.