ಬೋಳಾದ ಐಪಾಡು, ಮುಳುಗಿದ ಕನ್ನಂಬಾಡಿ

ಕಂಪ್ಯೂಟರು ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುವ ಧಾಟಿ, ಕೆ.ಆರ್. ಪೇಟೆಯ ನೆಂಟರು ‘ಇನ್ನೊಂದು ಮುದ್ದೆ ಹಾಕಲೇ?’ ಎನ್ನುವಷ್ಟೇ ಸೌಜನ್ಯದ್ದು. ಬೇಡ ಎನ್ನಲು ನಾಲಿಗೆ ಬಾರದು. ಹೂಂ ಎಂದರೆ ಹಳೆಯ ಐಪಾಡಿನ ಸಿಸ್ಟಂ ವಿಭಾಗ ಬೋಳು. ಆದರೂ ಅದು ಸತ್ತಿಲ್ಲ ಎಂಬುದೇ ನನ್ನ ವಾದ. ಹಾರ್ಡ್ ಡಿಸ್ಕಿನ ಐಪಾಡಿನಲ್ಲಿ ತಂತ್ರಾಂಶಕ್ಕೊಂದು ಕೋಣೆ, ಹಾಡುಗಳಿಗೊಂದು ಕೋಣೆ. ನಾಗಮಂಗಲದಲ್ಲಿ ಬಸ್ಸು ಕೆಟ್ಟರೆ ಶ್ರೀರಂಗಪಟ್ಟಣದಲ್ಲಿ ಕಾವೇರಿ ನಿಲ್ಲುತ್ತಾಳೆಯೇ? ಕ್ಲಿಕ್ ವೀಲ್ ಇರುವ ಮಾದರಿಯಲ್ಲಿ ಮೆನು, ನಡುಗುಂಡಿ ಎರಡನ್ನೂ ಒತ್ತಿ ಮರುಚಾಲನೆ ಮಾಡಿ, ಲೋಗೋ ಕಂಡೊಡನೆ ನಡುಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಹಿಡಿದರೆ ‘ಡಿಸ್ಕ್ ಮೋಡ್’ ಏಳುವ ಸಾಧ್ಯತೆ ಉಂಟು. ಆಮೇಲೆ ಐಟ್ಯೂನ್ಸ್‌ನ ‘ರಿಸ್ಟೋರ್’ ತಂತ್ರಾಂಶವನ್ನು ಮತ್ತೆ ಕೂರಿಸುತ್ತದೆ.

‘ರಿಸ್ಟೋರ್ ಹಾಡುಗಳನ್ನೂ ಗುಡಿಸಿಬಿಡುತ್ತದಲ್ಲ?’ ಎಂಬ ಆಕ್ಷೇಪ ನಿಜ. ಅದಕ್ಕೇ ಮೊದಲು ಹಾಡಿನ ನಕಲು, ಆಮೇಲೆ ರಿಸ್ಟೋರ್. ಊಟಕ್ಕೆ ಮೊದಲು ಎಲೆ ಹಾಕುವಂತೆ. ‘2014ರಲ್ಲೇ ತಯಾರಿಕೆ ನಿಂತ ಡಬ್ಬಿಗೆ ಇಷ್ಟು ಉಪಚಾರವೇ?’ ಎನ್ನುವವರು ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಗೆ ಹೋಗಿಬರಲಿ. ಕೆ.ಆರ್.ಎಸ್. ಹಿನ್ನೀರಲ್ಲಿ ಮುಳುಗಿದ್ದ ವೇಣುಗೋಪಾಲನ ಗುಡಿಯನ್ನು ಕಲ್ಲುಕಲ್ಲಾಗಿ ತಂದು ಅಲ್ಲಿ ಜೋಡಿಸಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಲಾಲ್ ಮಹಲ್‌ಗೆ ಅಂಥ ಭಾಗ್ಯವಿರಲಿಲ್ಲ. ಉಳಿದಿರುವುದು ಅವಶೇಷ ಮಾತ್ರ. ಕೊಳಲೂದುವ ದೇವರೇ ಮರುಸ್ಥಾಪನೆಗೆ ಕಾದಿರುವಾಗ, ಹಾಡುವ ಡಬ್ಬಿ ಒಂದು ಸಂಜೆ ಕಾಯಲಾರದೇ?