‘ತೂಕ ಬರೋಬ್ಬರಿ ಐತಿ’: ರಿಟರ್ನ್ ಡಬ್ಬಿಯೊಂದರ ಸಂದರ್ಶನ

ದಸರಾ, ದೀಪಾವಳಿ ಸೇಲ್‌ಗಳ ಭರಾಟೆ ಮುಗಿದಿತ್ತು. ಕೊಂಡವರು ಕೊಂಡಾಗಿತ್ತು, ಇನ್ನು ವಾಪಸ್ ಕಳಿಸುವವರ ಸರದಿ. ಕಂಪನಿಗಳ ವಕ್ತಾರರು ಯಾರೂ ಮಾತಿಗೆ ಸಿಗದ ಕಾರಣ ನಮ್ಮ ಅಂಕಣಕಾರರು ಈ ಸಲ ಇಳಕಲ್ಲಿಗೆ ಹೋಗಿ, ಆನ್‌ಲೈನ್‌ನಲ್ಲಿ ಸೀರೆ ಮಾರುವ ಹೆಣ್ಣುಮಗಳೊಬ್ಬರ ಪಡಸಾಲೆಯಲ್ಲಿ ಕೂತಿದ್ದ ರಟ್ಟಿನ ಡಬ್ಬಿಯೊಂದನ್ನು ಮಾತನಾಡಿಸಿದರು. ಬೆಂಗಳೂರಿಗೆ ಹೋಗಿ ಮರಳಿದ ಡಬ್ಬಿ ಅದು. ಮೈತುಂಬ ಟೇಪು, ಒಂದರ ಮೇಲೊಂದು ಬಾರ್‌ಕೋಡು, ಹರಿದ ಮೂಲೆ. ಬಾಣದ ಗುರುತು ಮೇಲೆ ಬರುವಂತೆ ಕೂರಿಸಿದರೆ ಮಾತ್ರ ಮಾತಾಡುತ್ತೇನೆ ಎಂದು ಷರತ್ತು ಹಾಕಿತು. ಹೋಗುವಾಗ ಬರುವಾಗ ಆ ಬಾಣವನ್ನು ಒಬ್ಬರೂ ನೋಡಿರಲಿಲ್ಲವಂತೆ.

“ಒಳಗೆ ಏನಿದೆ?” ಎಂಬುದು ಅಂಕಣಕಾರರ ಮೊದಲ ಪ್ರಶ್ನೆ.

“ಅದನ್ನ ಆಮ್ಯಾಲ ಹೇಳ್ತೀನ್ರಿ. ಮೊದಲ ನನ್ನ ತೂಕದ ವಿಷಯ ಬರಕೋರಿ. ಸೀರಿ ಅರ್ಧ ಕಿಲೊ. ನಾನು ರಟ್ಟು, ನನ್ನ ತೂಕ ಎಷ್ಟಿದ್ದೀತು? ಕೊರಿಯರ್‌ನವ್ರು ಪಟ್ಟಿ ಹಿಡಿದು ಉದ್ದ 40 ಸೆಂಟಿಮೀಟರ್, ಅಗಲ 30, ಎತ್ತರ 10 ಅಂತ ಅಳದ್ರು. ಮೂರೂ ಗುಣಿಸಿ 5000ದಿಂದ ಭಾಗಿಸಿದ್ರು. 2.4 ಕಿಲೊ ಅಂತ ಬರದ್ರು! ಬರೇ ಗಾಳಿಗೆ ಬಾಡಿಗಿ ಹಾಕ್ಯಾರ ನೋಡ್ರಿ. ಪ್ಲಾಸ್ಟಿಕ್ ಚೀಲದಾಗ ಹೋಗೋ ಸೀರಿಗೆ ಈ ಕಾಟ ಇಲ್ಲ. ನಾನು ದಪ್ಪ ಅಂತ ಊರಿಗೆಲ್ಲ ಸಾರಿಧಂಗಾತು.”

ಕೊರಿಯರ್ ಲೋಕದಲ್ಲಿ ಅದಕ್ಕೆ ವಾಲ್ಯೂಮೆಟ್ರಿಕ್ ತೂಕ ಎನ್ನುತ್ತಾರೆ, ಲಾರಿಯಲ್ಲಿ ಜಾಗ ತಿನ್ನುವ ಮಾಲಿಗೆ ಅದು ಜಗತ್ತಿನಾದ್ಯಂತ ಇರುವ ಲೆಕ್ಕ ಎಂದು ಅಂಕಣಕಾರರು ಸಮಾಧಾನ ಹೇಳಿದರು. ಡಬ್ಬಿ ಸಮಾಧಾನಗೊಳ್ಳಲಿಲ್ಲ.

ಅಂಕಣಕಾರರಿಗೂ ಒಂದು ಹುಚ್ಚು ಇದೆ. ಈ ಅಂಕಣ ಓದುವವರಿಗೆ ಗೊತ್ತಿರುವುದೇ: ವಿಪಿಪಿ, ಅಂದರೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಅಂಚೆ ಪಾರ್ಸೆಲ್. ಫ್ಲಿಪ್‌ಕಾರ್ಟ್ 2010ರಲ್ಲಿ ‘ಕ್ಯಾಶ್ ಆನ್ ಡೆಲಿವರಿ’ ತಂದಾಗ ಎಲ್ಲರೂ ಹೊಸ ಅವತಾರವೆಂಬಂತೆ ಬರೆದರಲ್ಲ, ಆ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ. ಹಾಗಾಗಿ ಎರಡನೆಯ ಪ್ರಶ್ನೆ ಪ್ರಶ್ನೆಯೇ ಆಗಿರಲಿಲ್ಲ. “ನಮ್ಮ ಅಂಚೆ ಇಲಾಖೆ ಇದನ್ನು 1877ರಲ್ಲೇ ಶುರು ಮಾಡಿತ್ತು. ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟ ಮೇಲೇ ಕಟ್ಟು ಬಿಚ್ಚಬೇಕು. ದುಡ್ಡು ಮನಿಯಾರ್ಡರಾಗಿ ಕಳಿಸಿದವನಿಗೆ ಸೇರುತ್ತಿತ್ತು. ನಿಜವಾದ ಆರ್ಡರ್ ಬಂದಿದ್ದಕ್ಕೇ ಕಳಿಸುತ್ತಿದ್ದೇನೆ ಎಂದು ಕಳಿಸುವವನು ಬರೆದುಕೊಡಬೇಕಿತ್ತು. ವಿಪಿಪಿಯಲ್ಲಿ ಈ ರಿಟರ್ನ್ ರಗಳೆ ಇತ್ತೇ?”

“ಇರಲಿಲ್ರಿ. ಟ್ರಾನ್ಸಿಸ್ಟರ್ ತರಿಸಿದಾಂವಗ ಇಟ್ಟಂಗಿ ಬಂದ್ರ ಅದನ್ನ ಮನಿ ಗ್ವಾಡಿಗೆ ಬಳಸಬೇಕಿತ್ತು, ವಾಪಸ್ ತಗೊಳ್ಳೋರ ಇರಲಿಲ್ಲ. ನಮ್ಮಜ್ಜ ಕಟ್ಟಿಗಿ ಪೆಟಗಿ ಹೇಳ್ತಿದ್ದ.”

ಮಾತು ನಿಜ. ಆಗ ಮೋಸ ಹೋಗುತ್ತಿದ್ದವನು ಕೊಳ್ಳುವವನೇ. ಈಗಲೂ ಹೋಗುತ್ತಾನೆ: 2022ರ ದೀಪಾವಳಿಯಲ್ಲಿ ಮಂಗಳೂರಿನಲ್ಲಿ ಲ್ಯಾಪ್‌ಟಾಪ್ ತರಿಸಿದವರಿಗೆ ಕಲ್ಲು ಬಂದದ್ದನ್ನು ಮರೆಯುವಂತಿಲ್ಲ. ರಿಟರ್ನ್ ಸೌಲಭ್ಯ ಹುಟ್ಟಿದ್ದು ಅಂಥವರಿಗಾಗಿ. ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಆ ಬಾಗಿಲಿನಿಂದ ನುಸುಳಿ ಬಂದವರ ಬಗ್ಗೆ. 2019ರಲ್ಲಿ ಸ್ಪೇನಿನ ಪಾಲ್ಮಾದಿಂದ ಒಂದು ಸುದ್ದಿ ಬಂತು. 22ರ ಹುಡುಗನೊಬ್ಬ ತರಿಸಿದ ವಸ್ತುವನ್ನು ಇಟ್ಟುಕೊಂಡು, ಡಬ್ಬಿಗೆ ಅಷ್ಟೇ ತೂಕದ ಮಣ್ಣು ತುಂಬಿ ವಾಪಸ್ ಮಾಡುತ್ತಿದ್ದನಂತೆ. ಗೋದಾಮಿನಲ್ಲಿ ತೂಕ ನೋಡಿ ಹಣ ಹಿಂದಿರುಗಿಸುತ್ತಿದ್ದರು. ಈ ಕಥೆಯನ್ನು ಕೇಳಿ ಡಬ್ಬಿಗೆ ರೋಷ ಬರುತ್ತದೆಂದು ಅಂಕಣಕಾರರು ಎಣಿಸಿದ್ದರು.

“ಶಾಣ್ಯಾ ಹುಡುಗ ಬಿಡ್ರಿ,” ಎಂದಿತು ಡಬ್ಬಿ. “ಗ್ರಾಂ ಲೆಕ್ಕ ತಪ್ಪಿಲ್ಲ. ಡಬ್ಬಿಗೆ ಖರೇ ತೂಕ ಹಾಕಿದಾಂವ ಅಂವ ಒಬ್ಬನ.”

ಮೋಸ ಮಾಡಿದವನನ್ನು ಹೊಗಳುತ್ತೀರಾ ಎಂದರೆ, 5000ದಿಂದ ಭಾಗಿಸುವುದು ಮೋಸವಲ್ಲವೇ ಎಂದು ತಿರುಗಿ ಕೇಳಿತು. ಒಳಗೆ ಏನಿದೆ ಎಂದು ಮತ್ತೆ ಕೇಳಿದ್ದಕ್ಕೆ ಹಿಂದಿನ ಪ್ರಯಾಣದ ಕಥೆ ಶುರು ಮಾಡಿತು. ಆ ಸಲ ಹೋದ ಸೀರೆಯೇ ವಾಪಸ್ ಬಂದಿತ್ತು. ಆದರೆ ಫಾಲ್ ಹಚ್ಚಿಸಿ, ಉಟ್ಟು, ಊಟ ಮಾಡಿ, ಫಾಲ್ ಬಿಚ್ಚಿ ಕಳಿಸಿದ್ದರು. ಸೆರಗಿಗೆ ಸಾರಿನ ಕಲೆ, ಮಡಿಕೆಯಲ್ಲಿ ಮಲ್ಲಿಗೆಯ ವಾಸನೆ. ವಾಪಸಿಗೆ ಕೊಟ್ಟ ಕಾರಣ: ಬಣ್ಣ ಚಿತ್ರದಲ್ಲಿದ್ದಂತಿಲ್ಲ. ಸಾರು ಚೆಲ್ಲಿದ ಮೇಲೆ ಹೇಗೆ ಇದ್ದೀತು?

“ಈ ಸಲ?”

“ಹೋಗುವಾಗ ಕೈಮಗ್ಗದ ಸೀರಿ. ಹತ್ತಿ ಮೈ, ರೇಷ್ಮಿಯ ತೋಪ ತೆನಿ ಸೆರಗು. ಬರುವಾಗ ಪಾಲಿಯೆಸ್ಟರ್. ವಾಪಸ್ ಒಯ್ಯಾಕ ಬಂದ ಹುಡುಗ ಮೊಬೈಲ್‌ನ್ಯಾಗ ಫೋಟೊ ನೋಡಿದ. ಫೋಟೊದಾಗ ಕೆಂಪು ಸೆರಗು, ಒಳಗೂ ಕೆಂಪು ಸೆರಗು. ಓಕೆ ಒತ್ತಿದ. ಅವಂದೇನು ತಪ್ಪಿಲ್ರಿ, ಸಂಜಿತನಕ ಇನ್ನೂ ಎಷ್ಟೋ ಮನಿ ತಿರಗಬೇಕು. ಗೋದಾಮಿನ್ಯಾಗ ತೂಕ ಹಾಕಿದ್ರು. ಬರೋಬ್ಬರಿ ಐತಿ ಅಂದ್ರು.”

ಮಾರಾಟಗಾರ್ತಿ ದೂರು ಕೊಟ್ಟರು. ಪ್ಯಾಕ್ ಮಾಡುವ ವಿಡಿಯೊ ಇತ್ತು. ರಿಟರ್ನ್ ಬಿಚ್ಚುವ ವಿಡಿಯೊ ಕೂಡ ಇತ್ತು. ಬಿಚ್ಚುವಾಗ ಬಾರ್‌ಕೋಡ್ ಸ್ಪಷ್ಟವಾಗಿ ಕಾಣುತ್ತಿಲ್ಲ ಎಂಬ ಉತ್ತರದೊಂದಿಗೆ ಟಿಕೆಟ್ ಕ್ಲೋಸ್. ಉತ್ತರಿಸಿದ್ದು ಮನುಷ್ಯನೋ ಯಂತ್ರವೋ ಇವತ್ತಿಗೂ ಗೊತ್ತಿಲ್ಲ. ಸೀರೆ ಹೋಯಿತು, ಸಾಗಣೆಯ ಖರ್ಚೂ ಮೈಮೇಲೆ ಬಂತು, ಅವರ ಖಾತೆಯ ‘ರಿಟರ್ನ್ ರೇಟ್’ ಏರಿತು. ಕೊಂಡವರ ಖಾತೆ ಹಾಲಿನಂತೆ ಶುಭ್ರ.

ಇನ್ನು ತಮಾಷೆ ಸಾಕು.

ಈ ವ್ಯಾಪಾರದಲ್ಲಿ ಮಾರುವವಳ ಕುರಿತು ಎಲ್ಲರಿಗೂ ಎಲ್ಲವೂ ಗೊತ್ತು. ಪ್ಯಾನ್, ಬ್ಯಾಂಕ್ ಖಾತೆ, ಹೊರರಾಜ್ಯಕ್ಕೆ ಕಳಿಸಬೇಕೆಂದರೆ ಜಿಎಸ್‌ಟಿ ನೋಂದಣಿ. ದುಡ್ಡು ಕೈಗೆ ಬರುವ ಮೊದಲೇ ಜಿಎಸ್‌ಟಿ ಲೆಕ್ಕದಲ್ಲಿ ಅರ್ಧ ಪರ್ಸೆಂಟ್ ಮುರಿದುಕೊಳ್ಳುತ್ತಾರೆ. 2024ರ ಜುಲೈಗೆ ಮೊದಲು ಅದು ಪೂರ್ತಿ ಒಂದು ಪರ್ಸೆಂಟ್ ಇತ್ತು. ಅವಳ ಹೆಸರು, ವಿಳಾಸ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂಬುದು ನಿಯಮ. ಕೊಳ್ಳುವವನಿಗೆ ಬೇಕಾದದ್ದು ಒಂದು ಮೊಬೈಲ್ ನಂಬರ್. 2017ರಲ್ಲಿ ದೆಹಲಿ ಪೊಲೀಸರು ಹಿಡಿದ ಯುವಕ 166 ದುಬಾರಿ ಫೋನು ತರಿಸಿ, ಖಾಲಿ ಡಬ್ಬಿ ಬಂತು ಎಂದು ಹೇಳಿ ಅಮೆಜಾನ್‌ನಿಂದ ಸುಮಾರು 50 ಲಕ್ಷ ರೂಪಾಯಿ ಮರಳಿ ಪಡೆದಿದ್ದ ಎಂಬುದು ಆರೋಪ. ಅವನ ಬಂಡವಾಳ ನೂರಕ್ಕೂ ಹೆಚ್ಚು ಸಿಮ್ ಕಾರ್ಡು. ಅದೇ ವರ್ಷ ಬೆಂಗಳೂರಿನಲ್ಲಿ ಮಹಿಳೆಯೊಬ್ಬರು ಬಂಧನಕ್ಕೊಳಗಾದರು: ಬೆಲೆಬಾಳುವ ವಸ್ತು ತರಿಸಿ ಅಗ್ಗದ ನಕಲನ್ನು ವಾಪಸ್ ಮಾಡಿ ಸುಮಾರು 70 ಲಕ್ಷ ರೂಪಾಯಿ ಪಡೆದರು ಎಂಬ ದೂರು. ಅಮೆರಿಕದ ಇಂಡಿಯಾನಾದಲ್ಲಿ ದಂಪತಿ, ಬಂದ ವಸ್ತು ಕೆಟ್ಟಿದೆ ಎಂದು ಸುಳ್ಳು ಹೇಳಿ 12 ಲಕ್ಷ ಡಾಲರ್ ಲಪಟಾಯಿಸಿ ಜೈಲಿಗೆ ಹೋದರು.

ಈ ಮೂರೂ ಪ್ರಕರಣಗಳಲ್ಲಿ ಮೋಸ ಹೋದದ್ದು ಕಂಪನಿ. ಕಂಪನಿಯ ಜೇಬಿಗೆ ಕೈ ಬಿದ್ದಾಗ ವಕೀಲರು ಬಂದರು, ಪೊಲೀಸರು ಬಂದರು, ಸಿಮ್‌ಗಳ ಲೆಕ್ಕವೂ ಸಿಕ್ಕಿತು. ಕೈ ಬಿದ್ದದ್ದು ಮಾರಾಟಗಾರ್ತಿಯ ಜೇಬಿಗಾದರೆ ಅದೇ ಕಂಪನಿಗಳು ನಾವು ಬರೀ ಮಧ್ಯವರ್ತಿ ಎನ್ನುತ್ತವೆ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 318ನೇ ಕಲಮು ಇದೆ, ಸರಿ. ಒಂದು ಸೀರೆಯ ದೂರು ಹಿಡಿದು ಇಳಕಲ್ಲಿನವರು ಬೆಂಗಳೂರಿನ ಯಾವ ಠಾಣೆಯ ಮೆಟ್ಟಿಲು ಹತ್ತಬೇಕು? ಗ್ರಾಹಕರ ಆಯೋಗದ ಬಾಗಿಲೂ ಅವರಿಗಲ್ಲ. ಅಲ್ಲಿಗೆ ದೂರು ತರಲು ಗ್ರಾಹಕರಾಗಿರಬೇಕು.

ಸಂದರ್ಶನದ ಕೊನೆಗೆ ಅಂಕಣಕಾರರು ಇಬೇ ಎಂಬ ಆನ್‌ಲೈನ್ ಮಾರಾಟ ತಾಣದ ಕಥೆ ತೆಗೆದರು. 2008ರಲ್ಲಿ ಆ ತಾಣ ಕೊಳ್ಳುವವರ ಬಗ್ಗೆ ಮಾರುವವರು ಕೆಟ್ಟ ಅಭಿಪ್ರಾಯ ಬರೆಯುವುದನ್ನೇ ನಿಲ್ಲಿಸಿತು. ಮಾರುವವರು ಸೇಡಿಗಾಗಿ ಬರೆಯುತ್ತಾರೆ ಎಂಬುದು ಅದರ ಸಮಜಾಯಿಷಿ, ಅದರಲ್ಲಿ ಹುರುಳೂ ಇತ್ತು. ಸಿಟ್ಟಾದ ಮಾರಾಟಗಾರರು ಮುಷ್ಕರ ಹೂಡಿದರು, ಫಲ ಸಿಗಲಿಲ್ಲ. ಈ ಬಗ್ಗೆ ಅಭಿಪ್ರಾಯ ಕೇಳಿದರೆ ಡಬ್ಬಿ, ಇಬೇಯವರು ಎಷ್ಟರಿಂದ ಭಾಗಿಸುತ್ತಿದ್ದರು ಎಂದು ವಿಚಾರಿಸಿತು. ಅಂಕಣಕಾರರು ವಿಪಿಪಿ ಫಾರಂ ಬಗ್ಗೆ ಮತ್ತೊಮ್ಮೆ ಶುರು ಮಾಡುವಷ್ಟರಲ್ಲಿ ಮನೆಯವರು ಚಹಾ ತಂದರು. ಸಂದರ್ಶನ ಅಲ್ಲಿಗೆ ಮುಗಿಯಿತು.

2020ರ ಜುಲೈಯಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ನಕಲಿಯಾದ, ಹೇಳಿದಂತಿಲ್ಲದ ಮಾಲನ್ನು ಮಾರಾಟಗಾರರು ವಾಪಸ್ ತೆಗೆದುಕೊಳ್ಳಲೇಬೇಕು. ಕೊಟ್ಟದ್ದನ್ನೇ ವಾಪಸ್ ಕೊಡಬೇಕೆಂದು ಕೊಳ್ಳುವವರಿಗೆ ಹೇಳುವ ಒಂದು ಸಾಲೂ ಅದರಲ್ಲಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅದನ್ನು ಸೇರಿಸಲಿ. ದುಬಾರಿ ಫೋನು ತಲುಪಿಸುವಾಗ ಬಾಗಿಲಲ್ಲೇ ಡಬ್ಬಿ ತೆರೆದು ತೋರಿಸುವ ಪದ್ಧತಿ ಈಗಾಗಲೇ ಇದೆ. ವಾಪಸ್ ಒಯ್ಯುವಾಗಲೂ ಹಾಗೆಯೇ ಬಿಚ್ಚಿ, ಬಟ್ಟೆ ಮುಟ್ಟಿ ನೋಡಿ ಒಯ್ಯಬಹುದು. ಒಯ್ಯಲು ಬರುವ ಹುಡುಗನಿಗೆ ಅದಕ್ಕೆ ಬೇಕಾದ ಪುರುಸೊತ್ತು, ತರಬೇತಿ, ಕೂಲಿ ಕೊಡಬೇಕಾದವರು ಕಂಪನಿಯವರು, ಇಳಕಲ್ಲಿನ ಆ ಹೆಣ್ಣುಮಗಳಲ್ಲ.