ಇಳಿಜಾರಿನ ಲೆಕ್ಕ

ಮಗಳು ಅಳಿಯ ಮ್ಯೂನಿಕ್‌ನಲ್ಲಿದ್ದಾರೆ. ಅಳಿಯನಿಗೆ ಕಾರು ತಯಾರಿಸುವ ಕಂಪನಿಯಲ್ಲಿ ಕೆಲಸ. ಮನೆಯಲ್ಲಿ ಕಾರಿಲ್ಲ. ಇದರಲ್ಲಿ ಮೊದಲ ಎರಡು ಸಂಗತಿಗಳನ್ನು ನಾನು ಇಡೀ ಮಂಡ್ಯಕ್ಕೆ ಹೇಳಿಕೊಂಡು ತಿರುಗಿದ್ದೇನೆ. ಮೂರನೆಯದನ್ನು ಬಾಯಿಬಿಡುತ್ತಿರುವುದು ಇವತ್ತೇ ಮೊದಲು.

ನಾನು ಕಾರು ಕೊಂಡದ್ದು ನಿವೃತ್ತಿಯಾದ ಮೇಲೆ, ಗ್ರಾಚ್ಯುಟಿ ದುಡ್ಡಿನಲ್ಲಿ. ತರಕಾರಿಗೂ ಅದರಲ್ಲೇ ಹೋಗುತ್ತೇನೆ. ಮಾರುಕಟ್ಟೆ ಮನೆಯಿಂದ ನಾಲ್ಕು ಹೆಜ್ಜೆ, ಕಾರು ನಿಲ್ಲಿಸಲು ಜಾಗ ಸಿಗುವುದು ಎಂಟುನೂರು ಹೆಜ್ಜೆ ಆಚೆ. ಆದರೂ ಕಾರು ಕಾರೇ. ಅಂಥವನನ್ನು ಮ್ಯೂನಿಕ್ ವಿಮಾನ ನಿಲ್ದಾಣದಿಂದ ಅಳಿಯ ಲೋಕಲ್ ರೈಲಿನಲ್ಲಿ ಕರೆದುಕೊಂಡು ಹೋದ. ಉಪ್ಪಿನಕಾಯಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಡತಿ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

ಎರಡು ವಾರ ಮನೆಯಲ್ಲಿ ಕೂತು ಬೇಸರವಾಗಿದ್ದಾಗ ಅಳಿಯ ಒಂದು ಮಾತು ತೆಗೆದ. "ಮಾವ, ನೀವೂ ಅತ್ತೆಯೂ ಸೈಕಲ್‌ನಲ್ಲಿ ಒಂದು ಸುತ್ತು ಹೋಗಿಬನ್ನಿ. ಪಾಸಾವ್‌ನಿಂದ ವಿಯೆನ್ನಾಕ್ಕೆ. ಡ್ಯಾನ್ಯೂಬ್ ದಡದಲ್ಲೇ ದಾರಿ. ಕಾರು ಲಾರಿ ಕಾಟ ಇಲ್ಲ. ಪೂರ್ತಿ ಇಳಿಜಾರು."

ನಾನು ಬಿದ್ದದ್ದು ಆ ಕಡೆಯ ಮಾತಿಗೆ. ನೀರಾವರಿ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇಳಿಜಾರಿನ ಲೆಕ್ಕ ಹಾಕಿಯೇ ಅನ್ನ ತಿಂದವನು ನಾನು. ನೀರು ಹೋದ ಕಡೆ ಹೋದರೆ ಇಳಿಜಾರು, ಅದರಲ್ಲಿ ಸಂಶಯವೇನು? ಸುಮ್ಮನೆ ಕೂತರೆ ಸೈಕಲ್ಲು ತಾನೇ ವಿಯೆನ್ನಾ ಸೇರುತ್ತದೆ ಎಂದುಕೊಂಡೆ.

ಬಾಡಿಗೆ ಅಂಗಡಿಯಲ್ಲಿ ಹೆಂಡತಿ ಹಿಂದೆಮುಂದೆ ನೋಡದೆ ಬ್ಯಾಟರಿ ಸೈಕಲ್ ಹಿಡಿದಳು. ನಾನು ಸಾದಾ ಸೈಕಲ್ಲೇ ಸಾಕೆಂದೆ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ, ಗಂಟೆ ಬಾಡಿಗೆಯ ಅಟ್ಲಾಸ್ ಸೈಕಲ್ಲಿನಲ್ಲಿ, ಕಾಲು ನಿಲುಕದೆ ಒಳಪೆಡಲು ತುಳಿದು ಕಲಿತವನು. ಎರಡು ಸಲ ನಾಲೆಗೇ ಬಿದ್ದಿದ್ದೇನೆ. ಅಂಥ ಅನುಭವಸ್ಥನಿಗೆ ಬ್ಯಾಟರಿ ಯಾಕೆ?

ಪಾಸಾವ್‌ವರೆಗೆ ರೈಲು. ಸೈಕಲ್ಲಿಗೂ ಟಿಕೆಟ್ ಕೊಳ್ಳಬೇಕು, ಅದಕ್ಕೆಂದೇ ಬೋಗಿಯಲ್ಲಿ ಜಾಗ, ಬಾಗಿಲ ಮೇಲೆ ಸೈಕಲ್ಲಿನ ಚಿತ್ರ. ನಮ್ಮಲ್ಲಿ ಬಸ್ಸಿನಲ್ಲಿ ಕೋಳಿಗೆ ಟಿಕೆಟ್ ಕೊಟ್ಟರೆ ಪೇಪರಿನಲ್ಲಿ ಬರುತ್ತದೆ. ಅಲ್ಲಿ ಟಿಕೆಟ್ ನೋಡುವಾಕೆ ನನ್ನದನ್ನು ನೋಡಿದಷ್ಟೇ ಗಂಭೀರವಾಗಿ ಸೈಕಲ್ಲಿನದನ್ನೂ ನೋಡಿ, ಇಬ್ಬರಿಗೂ ಶುಭಪ್ರಯಾಣ ಹೇಳಿದ ಹಾಗೆ ತಲೆಯಾಡಿಸಿ ಹೋದಳು.

ಪಾಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಟ್ಸ್ ಮೂರು ನದಿ ಕೂಡುತ್ತವೆ. ನಮ್ಮ ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆ ಕಣ್ಣಿಗೆ ಕಾಣುತ್ತವೆ, ಮೂರನೆಯದು ಗುಪ್ತಗಾಮಿನಿ. ಕಡತದಲ್ಲಿದೆ, ಸ್ಥಳ ತನಿಖೆಗೆ ಸಿಗುವುದಿಲ್ಲ. ಇಲ್ಲಿ ಮೂರೂ ಖುದ್ದು ಹಾಜರು, ಒಂದೊಂದರ ಬಣ್ಣವೂ ಬೇರೆ. ಹೆಂಡತಿ ಮೆಟ್ಟಿಲಿಳಿದು ತಲೆಗೆ ನೀರು ಪ್ರೋಕ್ಷಿಸಿಕೊಂಡಳು, ನನಗೂ ಎರಡು ಹನಿ ಎರಚಿದಳು, ಸೈಕಲ್ಲುಗಳಿಗೂ. ನಾನು ಹಳೆಯ ಪುರಭವನದ ಗೋಡೆಯ ಮುಂದೆ ನಿಂತುಬಿಟ್ಟಿದ್ದೆ. ಯಾವ ವರ್ಷದ ಪ್ರವಾಹ ಎಲ್ಲಿಯವರೆಗೆ ಬಂತೆಂದು ಅದರ ಮೇಲೆ ಗೀಟು ಹಾಕಿದ್ದಾರೆ. 1501ರದು ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ 2013ರದು, ಎರಡೂ ನನ್ನ ತಲೆಯಿಂದ ಎಷ್ಟೋ ಮೇಲೆ. ಐನೂರು ವರ್ಷದ ದಾಖಲೆ ಗೋಡೆಯ ಮೇಲೇ ಇದೆ. ನಮ್ಮ ಕಚೇರಿಯ ಮಳೆ ರಿಜಿಸ್ಟರನ್ನು ನೆನೆದೆ. ಅದನ್ನು ಇಲಿ ತಿಂದಿತ್ತು.

ದಾರಿ ಶುರುವಾಯಿತು. ಎಡಕ್ಕೆ ನದಿ, ಬಲಕ್ಕೆ ಕಾಡು, ನಡುವೆ ಸಾರಿಸಿದ ಅಂಗಳದಂಥ ಡಾಂಬರು ಪಟ್ಟಿ. ಇಷ್ಟು ಮಟ್ಟಸವಾದ ದಾರಿ ನದಿ ಬದಿಗೆ ಹೇಗೆ ಬಂತು ಎಂದರೆ, ಅದು ಮೊದಲು ಕುದುರೆಗಳದ್ದು. ಹಬೆ ಹಡಗು ಬರುವ ಮೊದಲು ಪ್ರವಾಹದೆದುರು ಮೇಲಕ್ಕೆ ಹೋಗುವ ಸರಕು ದೋಣಿಗಳನ್ನು ದಡದ ಮೇಲಿನ ಕುದುರೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದವು. ದೊಡ್ಡ ಸಾಲಾದರೆ ಹತ್ತಾರು ಕುದುರೆ. 1829ರಲ್ಲಿ ವಿಯೆನ್ನಾದಲ್ಲಿ ಹಬೆ ಹಡಗಿನ ಕಂಪನಿ ಹುಟ್ಟಿತು. ಕ್ರಮೇಣ ಕುದುರೆಗಳಿಗೆ ನಿವೃತ್ತಿ. 1980ರ ದಶಕದಲ್ಲಿ ಆ ದಾರಿಯನ್ನು ಸೈಕಲ್ಲಿನವರಿಗೆ ಬಿಟ್ಟುಕೊಟ್ಟರು. ಈಗ ಅಲ್ಲಿ ಬೆವರು ಸುರಿಸುವವರಲ್ಲಿ ಹೆಚ್ಚಿನವರೂ ಪಿಂಚಣಿದಾರರೇ.

ಹತ್ತು ಕಿಲೋಮೀಟರ್ ತುಳಿದ ಮೇಲೆ ನನಗೆ ಅನುಮಾನ ಹತ್ತಿತು. ತುಳಿಯುವುದು ನಿಲ್ಲಿಸಿದರೆ ಸೈಕಲ್ಲೂ ನಿಲ್ಲುತ್ತಿತ್ತು. ಇಳಿಜಾರು ಎಲ್ಲಿ? ದಡದಲ್ಲಿ ನದಿಯ ಕಿಲೋಮೀಟರ್ ಫಲಕಗಳಿವೆ. ಡ್ಯಾನ್ಯೂಬಿನ ಅಳತೆ ಉಗಮದಿಂದ ಅಲ್ಲ, ಕಪ್ಪು ಸಮುದ್ರದಿಂದ. ಪಾಸಾವ್‌ನಲ್ಲಿ 2226ರ ಆಸುಪಾಸು, ವಿಯೆನ್ನಾದಲ್ಲಿ 1929. ಮುಂದೆ ಹೋದಂತೆ ಅಂಕಿ ಇಳಿಯುತ್ತದೆ, ಎಲ್‌ಐಸಿ ಏಜೆಂಟ್ ಎದುರು ಕೂತ ಹಾಗೆ. ನಾನು ಬೆಂಚಿನ ಮೇಲೆ ಕೂತು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಸುಮಾರು 300 ಕಿ.ಮೀ. ದೂರಕ್ಕೆ ನದಿ ಇಳಿಯುವುದು 150 ಮೀಟರಿನೊಳಗೆ. ಕಿಲೋಮೀಟರಿಗೆ ಅರ್ಧ ಮೀಟರ್, ಅದೂ ಪೂರ್ತಿ ಇಲ್ಲ. ನಮ್ಮ ನಾಲೆಗಳ ಇಳಿಜಾರೂ ಇಷ್ಟೇ. ನೀರಿಗೆ ಅಷ್ಟು ಸಾಕು, ನೀರಿಗೆ ಮಂಡಿನೋವಿಲ್ಲ.

ಆ ಅರ್ಧ ಮೀಟರಾದರೂ ಸಿಕ್ಕಿತೇ? ಅದೂ ಇಲ್ಲ. ಪಾಸಾವ್ ದಾಟಿದ ಮೇಲೆ ವಿಯೆನ್ನಾ ಮುಟ್ಟುವಷ್ಟರಲ್ಲಿ ನದಿಗೆ ಅಡ್ಡಲಾಗಿ ಒಂಬತ್ತು ಜಲವಿದ್ಯುತ್ ಕೇಂದ್ರಗಳಿವೆ. ಯೋಹೆನ್‌ಸ್ಟೈನ್‌ನಿಂದ ಶುರು. ಪ್ರತಿಯೊಂದರ ಹಿಂದೆಯೂ ನೀರು ಕೆರೆಯ ಹಾಗೆ ಮಲಗಿರುತ್ತದೆ, ಕಟ್ಟೆಯ ಹತ್ತಿರ ಬಂದು ಒಮ್ಮೆಲೇ ಹತ್ತು ಹದಿನೈದು ಮೀಟರ್ ಧುಮುಕುತ್ತದೆ. ಅಂದರೆ ನನಗೆ ಸಲ್ಲಬೇಕಾಗಿದ್ದ ಇಳಿಜಾರನ್ನೆಲ್ಲ ಕರೆಂಟಿನವರು ಗುಡಿಸಿ ಒಯ್ದಿದ್ದರು. ಆ ಕರೆಂಟು ಹೆಂಡತಿಯ ಸೈಕಲ್ಲಿನ ಬ್ಯಾಟರಿಗೆ ಹೋಗುತ್ತಿತ್ತು.

"ಇಲಾಖೆಯಲ್ಲಿ ಇದೇ ಲೆಕ್ಕ ಮಾಡ್ತಿದ್ದೆ ಅಂತಿದ್ರಲ್ಲ ರೀ," ಎಂದಳು ಅವಳು, ಬೆವರಿಲ್ಲದ ಮುಖದಲ್ಲಿ. "ಹೊರಡೋಕೆ ಮುಂಚೆ ಮಾಡಬಾರದಿತ್ತಾ?"

ಶ್ಲೋಗೆನ್ ಹತ್ತಿರ ನದಿ ಗಟ್ಟಿ ಬಂಡೆಗೆ ಎದುರಾಗಿ, ಏನೋ ಮರೆತು ಬಂದವರ ಹಾಗೆ ಬಂದ ದಿಕ್ಕಿಗೇ ತಿರುಗುತ್ತದೆ. ಅಲ್ಲಿ ಎಡದಂಡೆಯ ದಾರಿ ಬೆಟ್ಟಕ್ಕೆ ಮುಟ್ಟಿ ನಿಂತುಹೋಗುವುದರಿಂದ ಆ ಕಡೆಯಿಂದ ಬಂದವರು ದೋಣಿ ಹತ್ತಬೇಕು. ಸೈಕಲ್ಲು ಮತ್ತು ಅದರ ಯಜಮಾನರಿಗೆ ಮಾತ್ರ ಜಾಗ, ಕಾರಿನವರು ದಡದಲ್ಲೇ. ಬದುಕಿನಲ್ಲಿ ಮೊದಲ ಬಾರಿಗೆ ಕಾರಿಲ್ಲದವನಾಗಿದ್ದಕ್ಕೆ ನನಗೆ ತುಸು ಹೆಮ್ಮೆಯಾಯಿತು. ಆನೆಗೊಂದಿಯಲ್ಲಿ ಹಿಂದೆ ಹರಿಗೋಲಿನೊಳಗೆ ಮೋಟರ್‌ಬೈಕ್ ನಿಲ್ಲಿಸಿಕೊಂಡು ತುಂಗಭದ್ರೆ ದಾಟಿದ್ದೆ. ಅಲ್ಲಿ ಹರಿಗೋಲು ತಿರುಗುತ್ತಿತ್ತು. ಇಲ್ಲಿ ನದಿಯೇ ತಿರುಗುತ್ತದೆ.

ಮೂರನೆಯ ದಿನ ಗಾಳಿ ಎದುರಾಯಿತು. ಈ ಕಣಿವೆಯಲ್ಲಿ ಸಾಮಾನ್ಯವಾಗಿ ಪಡುಗಾಳಿ, ಅದಕ್ಕೇ ಎಲ್ಲರೂ ಪಾಸಾವ್‌ನಿಂದ ವಿಯೆನ್ನಾ ಕಡೆಗೇ ಹೊಡೆಯುವುದು, ಬೆನ್ನು ತಳ್ಳುತ್ತದೆ ಎಂದು ಅಳಿಯ ಹೇಳಿದ್ದ. ಅವತ್ತು ಮೂಡಗಾಳಿ. ಆಷಾಢದ ಗಾಳಿ ನನ್ನ ಜಾಡು ಹಿಡಿದು ಮಂಡ್ಯದಿಂದ ಹೊರಟು ಬಂದ ಹಾಗಿತ್ತು. ಹಿಂದಿನಿಂದ ಗಂಟೆ ಕೇಳುತ್ತಿತ್ತು, ದಾರಿ ಬಿಡುತ್ತಿದ್ದೆ. ಎಂಬತ್ತರ ಅಂಚಿನ ಅಜ್ಜಿಯೊಬ್ಬಳು ಬುಟ್ಟಿಯಲ್ಲಿ ನಾಯಿ ಕೂರಿಸಿಕೊಂಡು ನನ್ನನ್ನು ದಾಟಿದಳು. ನಾಯಿ ಹಿಂತಿರುಗಿ ನೋಡಿತು. ಅದರ ಕಣ್ಣಿನಲ್ಲಿ ಕನಿಕರವಿತ್ತು.

ಗ್ರೈನ್ ಊರಿನಲ್ಲಿ ಸೀಟಿನ ಮೇಲೆ ಕೂರಲಾರದೆ ಇಳಿದೆ. ಆ ಭಾಗದ ನೋವಿಗೆ ಕನ್ನಡದಲ್ಲಿ ಒಳ್ಳೆಯ ಪದಗಳಿವೆ, ಪತ್ರಿಕೆಯಲ್ಲಿ ಹಾಕುವುದಿಲ್ಲ. ಅಲ್ಲಿ 1791ರ ಪುಟ್ಟ ನಾಟಕಶಾಲೆಯೊಂದಿದೆ. ಕುರ್ಚಿಗಳನ್ನು ಮಡಿಸಿ ಬೀಗ ಹಾಕಬಹುದು. ನಿಮ್ಮ ಸೀಟಿನಲ್ಲಿ ಬೇರೆಯವರು ಕೂರುವ ಹಾಗಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಾವು ಇನ್ನೂರು ವರ್ಷ ಹಿಂದೆ ಬಿದ್ದಿದ್ದೇವೆ. ಅದಕ್ಕಿಂತ ಹೆಚ್ಚಿನದು, ಪ್ರೇಕ್ಷಕರ ಪಕ್ಕದಲ್ಲೇ ಪರದೆ ಮರೆಯಲ್ಲಿ ಒಂದು ಪಾಯಿಖಾನೆ: ನಾಟಕ ತಪ್ಪಿಸಿಕೊಳ್ಳದೆ ಕೆಲಸ ಮುಗಿಸಬಹುದು. ರಾತ್ರಿಯಿಡೀ ನಡೆಯುವ ಕುರುಕ್ಷೇತ್ರಕ್ಕೆ ಹೇಳಿ ಮಾಡಿಸಿದ ಏರ್ಪಾಡು. ಮಂಡ್ಯದ ನಾಟಕ ಮಂಡಳಿಗಳು ಗಮನಿಸಬಹುದು.

ಮೆಲ್ಕ್‌ನ ಮಠ ಹಳದಿ ಬಣ್ಣದ್ದು, ಬೆಟ್ಟದ ಮೇಲೆ ಅರಮನೆಯಂತೆ ಕೂತಿದೆ. ಸೈಕಲ್ಲಿನಲ್ಲಿ ಹತ್ತಬೇಕು ಎಂದಾಗ ಕೆಳಗಿನಿಂದಲೇ ಕೈಮುಗಿದೆ. ಮುಂದೆ ವಾಖಾವ್ ಕಣಿವೆ. ಇಲ್ಲಿ ಕಟ್ಟೆಗಳಿಲ್ಲ, ನದಿ ತನ್ನ ಪಾಡಿಗೆ ಹರಿಯುತ್ತದೆ; ಹಲವು ದಿನ ಕೊಳದಂತಿದ್ದ ನೀರು ಇಲ್ಲಿ ಸದ್ದು ಮಾಡಿತು, ನಾನು ಇಳಿದು ಸ್ವಲ್ಪ ಹೊತ್ತು ಕೇಳಿದೆ. ಎರಡೂ ಕಡೆ ಮೆಟ್ಟಿಲುಮೆಟ್ಟಿಲಾಗಿ ದ್ರಾಕ್ಷಿ, ಕೆಳಗೆ ಏಪ್ರಿಕಾಟ್ ತೋಟ. ಜುಲೈ, ಹಣ್ಣಿನ ಕಾಲ. ಒಂದಿಡೀ ಹಣ್ಣನ್ನು ಹಿಟ್ಟಿನಲ್ಲಿ ಮುಚ್ಚಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕೊಡುತ್ತಾರೆ. ಹೆಂಡತಿ ಒಂದನ್ನು ಮುರಿದು ನೋಡಿ ತೀರ್ಪು ಕೊಟ್ಟಳು: "ಕಡುಬು. ಹೂರಣ ಅರೆಯೋಕೆ ಸೋಮಾರಿತನ." ಆಮೇಲೆ ನಾಲ್ಕು ತಿಂದಳು.

ಡ್ಯೂರ್ನ್‌ಸ್ಟೈನ್‌ನಲ್ಲಿ, ಮೇಲೆ ಪಾಳುಬಿದ್ದ ಕೋಟೆ. ಇಂಗ್ಲೆಂಡಿನ ದೊರೆ ಸಿಂಹಹೃದಯದ ರಿಚರ್ಡ್ ಧರ್ಮಯುದ್ಧದಿಂದ ಊರಿಗೆ ಮರಳುವಾಗ, 1192ರ ಚಳಿಗಾಲದಲ್ಲಿ ಸಿಕ್ಕಿಬಿದ್ದು ಸೆರೆಯಿದ್ದದ್ದು ಇಲ್ಲೇ. ದೊಡ್ಡ ಮೊತ್ತ ಒತ್ತೆಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ನಾನೂ ಆ ಕೋಟೆಯ ಕೆಳಗೆ ಕೂತು, ಇಷ್ಟು ಕೊಡುತ್ತೇನೆ, ಬ್ಯಾಟರಿ ಸೈಕಲ್ ಕೊಡು ಎಂದು ಹೆಂಡತಿಯ ಹತ್ತಿರ ಮಾತುಕತೆ ನಡೆಸಿದೆ. ಊರಿಗೆ ಹೋದ ಮೇಲೆ ಒಂದು ವರ್ಷ ನಾನೇ ಕಾಫಿ ಮಾಡುವುದೆಂದು ತೀರ್ಮಾನವಾಯಿತು. ಕ್ರೆಮ್ಸ್‌ವರೆಗೆ ಹಾರಿಕೊಂಡು ಹೋದೆ. ಅವಳು ನನ್ನ ಸಾದಾ ಸೈಕಲ್ಲಿನಲ್ಲಿ ಹಿಂದೆಯೇ ಬಂದಳು, ಉಸಿರು ಕೂಡ ಏರಿರಲಿಲ್ಲ. ಗಾಳಿ ನಿಂತಿತ್ತು ಎಂದು ನಾನು ದಾಖಲಿಸಬಯಸುತ್ತೇನೆ.

ಕೊನೆಯ ಐವತ್ತು ಅರವತ್ತು ಕಿಲೋಮೀಟರ್ ರೈಲಿನಲ್ಲಿ ಹೋದೆವು. ಅಳಿಯನಿಗೆ ಹೇಳಿಲ್ಲ.

ಊರಿಗೆ ಬಂದು ತಿಂಗಳಾಗಿತ್ತು. ಹೆಂಡತಿ ಹಠ ಹಿಡಿದಳೆಂದು ಎರಡು ಹಳೇ ಸೈಕಲ್ ಕೊಂಡು, ಒಂದು ಬೆಳಗ್ಗೆ ನಾಲೆಯ ಏರಿಗೆ ಹೋದೆವು. ಕಬ್ಬಿನ ಗದ್ದೆ, ತುಂಬಿದ ನಾಲೆ, ನೀರು ಹೋಗುವ ಕಡೆಗೇ ನಾವು, ಎದುರುಗಾಳಿಯೂ ಇತ್ತು. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕಾರು ನಿಲ್ಲಿಸಿ ಗಾಜು ಇಳಿಸಿದರು. ನಮ್ಮನ್ನೂ ಸೈಕಲ್ಲುಗಳನ್ನೂ ಹೆಂಡತಿಯ ಹ್ಯಾಂಡಲ್ಲಿಗೆ ತೂಗಿದ್ದ ಸೊಪ್ಪಿನ ಚೀಲವನ್ನೂ ನೋಡಿ, ದನಿ ತಗ್ಗಿಸಿ ಕೇಳಿದರು.

"ಏನ್ ಸಾರ್, ಕಾರು ಮಾರಿಬಿಟ್ರಾ? ಮಗಳು ಅಳಿಯ ದುಡ್ಡು ಕಳಿಸ್ತಿಲ್ವಾ?"